ಮಂಜೂರಾದ ಅರ್ಜಿ

ಸರ್ಕಾರಿ ದುಡ್ಡಿನಲ್ಲಿ ಕಟ್ಟಡ ಕಟ್ಟಿಸಲು ಅರ್ಜಿ ಬರೆಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಒಳ್ಳೆಯ ಮೇಷ್ಟ್ರು. ಎಸ್ಟಿಮೇಟು ಎಷ್ಟು ಬಿಗಿಯಾಗಿರಬೇಕು, ಯಾವ ಅನುಬಂಧ ಮೊದಲು ಬರಬೇಕು, ಜಾಗದ ದಾಖಲೆಗೆ ಯಾರ ಸಹಿ ಇದ್ದರೆ ಮೇಲಿನವರು ತಕರಾರು ತೆಗೆಯುವುದಿಲ್ಲ, ಎಲ್ಲ ಗೊತ್ತು. ಸಹಾಯಕ ಇಂಜಿನಿಯರಾಗಿ ನಿವೃತ್ತನಾದವನು, ಸರ್ವೀಸಿನ ಉದ್ದಕ್ಕೂ ಮಾಡಿದ್ದು ಅದನ್ನೇ. ಹಾಗಾಗಿ ನಮ್ಮೂರಿನ ವಸತಿರಹಿತರಿಗೊಂದು ಆಶ್ರಯ ಕೇಂದ್ರ ಕಟ್ಟಿಸಲು ನಾನು ಬರೆದ ಅರ್ಜಿ ಒಂದೂ ಆಕ್ಷೇಪಣೆಯಿಲ್ಲದೆ ಮಂಜೂರಾದಾಗ ನನಗೆ ಆಶ್ಚರ್ಯವಾಗಲಿಲ್ಲ. ಕಟ್ಟಡ ಎದ್ದಿತು. ಇವತ್ತಿನವರೆಗೂ ಗೋಡೆ ಬಿರುಕು ಬಿಟ್ಟಿಲ್ಲ, ತಾರಸಿ ಸೋರಿಲ್ಲ. ಮಲಗುವವರು ಮಾತ್ರ ಬರಲಿಲ್ಲ. ಕಂಟ್ರಾಕ್ಟರ್ ಮೇಲೋ ನಗರಸಭೆಯ ಮೇಲೋ ಇದನ್ನು ಹೊರಿಸಿ ಸುಮ್ಮನಾಗಲು ನಾನು ಕೆಲವು ಕಾಲ ಪ್ರಯತ್ನಪಟ್ಟೆ. ಕಡತವನ್ನು ಮತ್ತೆ ತೆರೆದು ಓದಿದಾಗ ಹಾಗೆ ಹೇಳಲು ಬಾಯಿ ಬರಲಿಲ್ಲ.

ಊರಿನ ಹೆಸರು ಬೇಡ. ಮಧ್ಯ ಕರ್ನಾಟಕದ, ಜನಸಂಖ್ಯೆ ಲಕ್ಷ ದಾಟಿದ ಒಂದು ಊರು ಅಂದರೆ ಸಾಕು. ಈ ಲಕ್ಷದ ಲೆಕ್ಕ ಹುಟ್ಟಿದ್ದು ದೆಹಲಿಯಲ್ಲಿ. 2009ರ ಡಿಸೆಂಬರ್ ಚಳಿಯಲ್ಲಿ ಅಲ್ಲಿನ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ಆಶ್ರಯವನ್ನು ಪಾಲಿಕೆ ಕಿತ್ತುಹಾಕಿತ್ತು. ವಿಷಯ ಆಹಾರದ ಹಕ್ಕಿನ ಮೊಕದ್ದಮೆಯ ಜೊತೆ ಸೇರಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 2010ರಲ್ಲಿ ಕೋರ್ಟು, ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ, ವರ್ಷವಿಡೀ ಹಗಲೂ ರಾತ್ರಿಯೂ ತೆರೆದಿರುವ ಆಶ್ರಯ ಕೇಂದ್ರ ಇರಬೇಕು ಎಂದಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದೇ ಲೆಕ್ಕವನ್ನು ತನ್ನ ಮಾರ್ಗಸೂಚಿಯಲ್ಲಿ ಸೇರಿಸಿಕೊಂಡಿತು. ಕಚೇರಿಗಳಲ್ಲಿ ಅದಕ್ಕೆ ‘ನಲ್ಮ್’ ಅಂತಲೇ ಹೆಸರು. ಜಾಗ ನಗರಸಭೆ ಕೊಡಬೇಕಿತ್ತು, ಕಟ್ಟಡದ ಖರ್ಚು ಕೇಂದ್ರ ಮತ್ತು ರಾಜ್ಯದ್ದಾಗಿತ್ತು. ಮೊದಲು 75:25 ಇದ್ದ ಪಾಲು ನಮ್ಮ ಕಾಲಕ್ಕೆ 60:40 ಆಗಿತ್ತು. ಒಬ್ಬರಿಗೆ ಕನಿಷ್ಠ 50 ಚದರಡಿ. ಐವತ್ತು ಜನ ಅಂದರೆ 2,500 ಚದರಡಿ. ಇಂಥ ಗುಣಾಕಾರ ಕಂಡರೆ ಇಂಜಿನಿಯರಿಗೆ ಖುಷಿ, ಲೆಕ್ಕ ಮುಗಿದ ಕೂಡಲೇ ಪೆನ್ಸಿಲ್ ತಾನಾಗಿ ನಕ್ಷೆ ಬರೆಯತೊಡಗುತ್ತದೆ.

ನಾನು ಈ ಕೆಲಸಕ್ಕೆ ಬಿದ್ದದ್ದು ಒಂದು ಸಣ್ಣ ಟ್ರಸ್ಟಿನ ಮೂಲಕ. ನಾವು ನಾಲ್ಕಾರು ನಿವೃತ್ತರು. ಚಳಿಗಾಲದಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಕಂಬಳಿ ಹಂಚುವುದು, ಆಸ್ಪತ್ರೆಗೆ ಸೇರಿಸುವುದು, ಅಷ್ಟೇ ನಮ್ಮ ವ್ಯಾಪ್ತಿ. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿ, ರಾಜ್ಯಗಳಲ್ಲಿ ಆಶ್ರಯ ಕೇಂದ್ರಗಳು ನಿಜವಾಗಿ ಇವೆಯೇ ನೋಡಿ ಬನ್ನಿ ಎಂದು ಕಳಿಸಿತು. ಹಣ ಬಿಡುಗಡೆಯಾಗಿಯೂ ಖರ್ಚಾಗದೆ ಬಿದ್ದಿದೆ ಎಂಬುದು ಮರುವರ್ಷ ಬಯಲಾಯಿತು. ಕೋರ್ಟಿನಲ್ಲಿ ಬೈಸಿಕೊಂಡವರು ಕೆಳಗಿನವರನ್ನು ಬೈದರು, ಅವರು ಅವರಿಗಿಂತ ಕೆಳಗಿನವರನ್ನು. ಕಡೆಗೆ ಆ ಬಿಸಿ ನಮ್ಮ ಪೌರಾಯುಕ್ತರ ಟೇಬಲ್ಲಿಗೂ ಬಂತು. ಅವರಿಗೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆಯುವವರು ಬೇಕಿತ್ತು. ನನಗೆ ಕೈ ಸುಮ್ಮನಿರಲು ಕಷ್ಟವಾಗುತ್ತಿತ್ತು. “ಬಿಟ್ಟಿ ಕೆಲಸ ಸಾರ್, ಆದ್ರೆ ಪುಣ್ಯದ್ದು” ಅಂದರು. ನಾನು ಒಪ್ಪಿಕೊಂಡೆ.

ಮೊದಲ ಸಭೆಯಲ್ಲಿ ಮೊದಲು ಮಾತಾಡಿದ್ದು ಜಾಗದ ಬಗ್ಗೆ. ಆಮೇಲೂ ಮಾತಾಡಿದ್ದು ಜಾಗದ ಬಗ್ಗೆಯೇ. ರಿಂಗ್ ರಸ್ತೆಯಾಚೆ ನಗರಸಭೆಯ ಹೆಸರಿಗೆ ಪಹಣಿ ಇದ್ದ ಒಂದು ತುಂಡು ಭೂಮಿ ಇತ್ತು. ಒತ್ತುವರಿ ಇಲ್ಲ, ವ್ಯಾಜ್ಯ ಇಲ್ಲ, ಕಟ್ಟುವುದಕ್ಕೆ ಎಲ್ಲ ದಿಕ್ಕಿನಿಂದಲೂ ಅನುಕೂಲ. ಕಸ ವಿಲೇವಾರಿ ಘಟಕಕ್ಕೆ ಸ್ವಲ್ಪ ಹತ್ತಿರ, ಆದರೆ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುವುದು ಕೆಲವೇ ತಿಂಗಳು ಎಂದು ಯಾರೋ ಹೇಳಿದರು. ನಾವೆಲ್ಲ ತಲೆಯಾಡಿಸಿದೆವು. ಇನ್ನೊಂದು ಜಾಗವೂ ಇತ್ತು. ಹಳೆಯ ಆಕ್ಟ್ರಾಯ್ ನಾಕಾ. 1979ರಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ರದ್ದಾದ ಮೇಲೆ ಕೆಲಸವಿಲ್ಲದೆ ಉಳಿದ ಕಲ್ಲಿನ ಕಟ್ಟಡ. ಕಟ್ಟಿದಾಗ ಊರ ಹೊರಗಿದ್ದದ್ದು, ಊರು ಬೆಳೆದು ಈಗ ಬಸ್‌ಸ್ಟ್ಯಾಂಡಿಗೂ ತರಕಾರಿ ಮಾರುಕಟ್ಟೆಗೂ ನಡುವೆ ಬಂದಿತ್ತು. ಒಳಗೆ ಮುರಿದ ಕುರ್ಚಿ, ಚುನಾವಣೆಯ ಬೋರ್ಡು, ಸೊಳ್ಳೆ ಔಷಧಿಯ ಡಬ್ಬ. ಹೊಸ ಕಟ್ಟಡವೇ ಆಗಬೇಕೆಂದಿಲ್ಲ, ಇರುವ ಸಾರ್ವಜನಿಕ ಕಟ್ಟಡವನ್ನು ದುರಸ್ತಿ ಮಾಡಿಯೂ ಕೇಂದ್ರ ನಡೆಸಬಹುದು ಎಂದು ಮಾರ್ಗಸೂಚಿಯಲ್ಲೇ ಇತ್ತು. ಅದನ್ನು ನಾನು ಓದಿದ್ದೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದೂ ಇದ್ದೆ.

ದುರಸ್ತಿಗೆ ಎಷ್ಟು ಹಣ ಬರುತ್ತದೆ? ಸ್ವಲ್ಪ. ಹೊಸದಕ್ಕೆ? ಬಹಳ. ಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ದುರಸ್ತಿಗೆ ಗುದ್ದಲಿ ಪೂಜೆ ಆಗುವುದಿಲ್ಲ, ಅಡಿಗಲ್ಲಿನ ಮೇಲೆ ಯಾರ ಹೆಸರೂ ಬರುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಒಂದು ಆಸೆ ಇತ್ತೆಂದು ಒಪ್ಪಿಕೊಳ್ಳಬೇಕು. ಸರ್ವೀಸಿನಲ್ಲಿ ಚರಂಡಿ, ಶಾಲೆಯ ಕಾಂಪೌಂಡು, ಪಶು ಆಸ್ಪತ್ರೆ, ಹೀಗೆ ಬೇರೆಯವರು ಹೇಳಿದ್ದನ್ನೇ ಕಟ್ಟಿದವನು. ಪೂರ್ತಿ ನನ್ನದೇ ನಕ್ಷೆಯ ಒಂದು ಕಟ್ಟಡ ಊರಿನಲ್ಲಿರಲಿ ಅನ್ನಿಸಿತು. ನಾಕಾವನ್ನು ಬಿಡಲು ಕಡತದಲ್ಲಿ ಕಾರಣ ಬೇಕಲ್ಲ. ಪೌರಾಯುಕ್ತರು, “ಸಾರ್, ನೀವೇ ಒಂದು ತಪಾಸಣೆ ವರದಿ ಕೊಟ್ಟುಬಿಡಿ” ಅಂದರು. ಹೋಗಿ ನೋಡಿದೆ. ಗೋಡೆ ಗಟ್ಟಿಯಾಗಿತ್ತು. ಮಾಡಿನ ಜಂತಿ ಎರಡು ಕಡೆ ಕೊಳೆತಿತ್ತು, ಹೆಂಚು ಜರುಗಿತ್ತು, ಶೌಚಾಲಯ ಇರಲೇ ಇಲ್ಲ. ವರದಿಯಲ್ಲಿ ಹೀಗೆ ಬರೆದೆ: ಕಟ್ಟಡವು ಶಿಥಿಲಾವಸ್ಥೆಯಲ್ಲಿದ್ದು ದುರಸ್ತಿಯು ಮಿತವ್ಯಯಕರವಲ್ಲ. ಕೆಳಗೆ ಸಹಿ, ನಿವೃತ್ತಿಯ ಪದನಾಮ, ದಿನಾಂಕ. ಅದು ಶುದ್ಧ ಸುಳ್ಳೂ ಅಲ್ಲ. ಅಂಥ ವಾಕ್ಯಗಳನ್ನು ಬರೆಯುವುದರಲ್ಲಿ ನಮಗೆ ತರಬೇತಿ ಇರುತ್ತದೆ.

ಮದುವೆಗೆ ಛತ್ರ ಗೊತ್ತುಮಾಡಿ, ಮುಂಗಡ ಕೊಟ್ಟು, ಆಮೇಲೆ ಹೆಣ್ಣು ಹುಡುಕಲು ಹೊರಟವರ ಹಾಗೆ ನಾವು ಜಾಗ ಖಾಯಂ ಮಾಡಿಕೊಂಡ ನಂತರ ವಸತಿರಹಿತರನ್ನು ಎಣಿಸಲು ಹೊರಟೆವು.

ಸಮೀಕ್ಷೆಯ ಹೊಣೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳದು. ಅವರನ್ನು ಕರೆದೊಯ್ಯುವವಳು ನಗರಸಭೆಯ ಸಮುದಾಯ ಸಂಘಟಕಿ, ಇಪ್ಪತ್ತೈದರ ಆಸುಪಾಸಿನ ಚುರುಕು ಹುಡುಗಿ. “ಸಾರ್, ಇದನ್ನ ರಾತ್ರಿ ಮಾಡ್ಬೇಕಲ್ವಾ?” ಎಂದು ಅವಳು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಜನಗಣತಿಯವರೂ ವಸತಿರಹಿತರನ್ನು ಎಣಿಸುವುದು ರಾತ್ರಿಯೇ. 2011ರಲ್ಲಿ ಫೆಬ್ರವರಿ 28ರ ರಾತ್ರಿ ದೇಶದಾದ್ಯಂತ ಎಣಿಸಿ ಸುಮಾರು 17.7 ಲಕ್ಷ ಜನ ಎಂದು ಲೆಕ್ಕ ಕೊಟ್ಟಿದ್ದರು. ಹಿಂದಿನ ಜನಗಣತಿಗೆ ಹೋಲಿಸಿದರೆ ಒಟ್ಟು ಸಂಖ್ಯೆ ಇಳಿದಿತ್ತು, ಆದರೆ ನಗರಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತ್ತು. ಈ ಅಂಕಿಗಳನ್ನು ನಾನೇ ಡಿಪಿಆರ್‌ನ ಪೀಠಿಕೆಯಲ್ಲಿ ಹಾಕಿದ್ದೆ. ಆದರೂ ಅವಳಿಗೆ, “ನೋಡಮ್ಮ, ರಾತ್ರಿ ಹೆಣ್ಮಕ್ಕಳನ್ನ ಕಳಿಸೋದು ಬೇಡ, ಟೈಮೂ ಇಲ್ಲ” ಅಂದೆ. ಮಾರ್ಚ್ ಒಳಗೆ ಕಡತ ಬೆಂಗಳೂರು ತಲುಪಬೇಕಿತ್ತು. ಹೆಣ್ಣುಮಕ್ಕಳ ಕಾಳಜಿ ನಿಜ. ಆದರೆ ನಾವು ಗಂಡಸರು ಹೋಗಬಹುದಿತ್ತಲ್ಲ? ನಾನು ರಾತ್ರಿ ಒಂಬತ್ತೂವರೆಗೆ ಮಲಗುವವನು.

ಹಗಲು ಎಣಿಸಿದರೆ ಯಾರು ಸಿಗುತ್ತಾರೆ? ದೇವಸ್ಥಾನದ ಮೆಟ್ಟಿಲ ಮೇಲೆ ಕೂತವರು, ಮರದ ಕೆಳಗೆ ಒರಗಿದವರು, ಮೈಯಲ್ಲಿ ಶಕ್ತಿ ಇಲ್ಲದವರು, ಮನಸ್ಸಿನ ಸ್ವಾಸ್ಥ್ಯ ತಪ್ಪಿದವರು. ಅವರಿಗೂ ಆಶ್ರಯ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅವರಲ್ಲಿ ಎಷ್ಟೋ ಜನಕ್ಕೆ ಸಂಜೆ ಹೋಗಲು ಒಂದು ಮನೆ ಇತ್ತು. ನಿಜವಾಗಿ ಬೀದಿಯಲ್ಲಿ ಮಲಗುವವರು ಆ ಹೊತ್ತಿನಲ್ಲಿ ಕೆಲಸದಲ್ಲಿದ್ದರು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಛತ್ರಗಳಲ್ಲಿ ಪಾತ್ರೆ ತೊಳೆದು ಎಲೆ ಎತ್ತುವವರು, ಹೋಟೆಲಿನ ಕ್ಲೀನರುಗಳು, ಬಣ್ಣ ಹಚ್ಚುವವರು, ಉತ್ತರದ ಬರದ ಸೀಮೆಯಿಂದ ಗುಳೆ ಬಂದ ಗಾರೆ ಕೆಲಸದವರು, ಹಳ್ಳಿಯಿಂದ ಸೊಪ್ಪು ತಂದು ಮಾರಿ ರಾತ್ರಿ ವಾಪಸು ಬಸ್ಸಿಲ್ಲದೆ ಉಳಿಯುವ ಹೆಂಗಸರು. ಅವರ ಹಾಸಿಗೆ ಹಗಲು ಸುತ್ತಿಕೊಂಡು ಯಾವುದೋ ಅಂಗಡಿಯ ಅಟ್ಟದ ಮೇಲಿರುತ್ತದೆ. ಹಗಲಿನ ಸಮೀಕ್ಷೆಗೆ ಅವರು ದುಡಿಯುವ ಜನ. ವಸತಿರಹಿತರ ಕಾಲಮ್ಮಿಗೆ ಬರುವುದೇ ಇಲ್ಲ.

ನನ್ನ ಪಟ್ಟಿ ಸಿದ್ಧವಾಯಿತು. ಐವತ್ತಕ್ಕೆ ಬೇಕಾದಷ್ಟು ಹೆಸರು, ಫೋಟೋ, ಹೆಬ್ಬೆಟ್ಟು. ಸ್ಪೈರಲ್ ಬೈಂಡ್ ಮಾಡಿಸಿ, ಮುಖಪುಟಕ್ಕೆ ಬಣ್ಣದ ನಕ್ಷೆ ಹಾಕಿಸಿದೆ.

ಪೀಠಿಕೆಯ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ನನಗೆ ಅದರ ಮೇಲೆ ವಿಶೇಷ ಅಭಿಮಾನವಿತ್ತು. ಎಲ್ಲರೂ ಸಂವಿಧಾನದ 21ನೇ ವಿಧಿ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಓಲ್ಗಾ ಟೆಲಿಸ್ ಪ್ರಕರಣವನ್ನು ತಂದೆ. 1981ರಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ಎತ್ತಂಗಡಿ ಮಾಡಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಹೂಡಿದ ದಾವೆ. 1985ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಐವರ ಪೀಠ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರುತ್ತದೆ ಎಂದು ತೀರ್ಪು ಕೊಟ್ಟಿತು. ಎತ್ತಂಗಡಿಯನ್ನೇನೂ ಕೋರ್ಟು ನಿಲ್ಲಿಸಲಿಲ್ಲ, ಮಳೆಗಾಲ ಕಳೆಯಲಿ ಎಂದು ಅಕ್ಟೋಬರ್ ಕೊನೆಯವರೆಗೆ ಅವಕಾಶ ಕೊಟ್ಟಿತು ಅಷ್ಟೇ. ತೀರ್ಪಿನ ಹೊಟ್ಟೆಯಲ್ಲಿರುವ ತರ್ಕ ಮಾತ್ರ ಸರಳ. ಈ ಜನ ಫುಟ್‌ಪಾತಿನಲ್ಲಿ ಮಲಗುವುದು ಕೆಲಸದ ಜಾಗ ಅಲ್ಲೇ ಪಕ್ಕದಲ್ಲಿದೆ ಎಂಬ ಕಾರಣಕ್ಕೆ, ಅಲ್ಲಿಂದ ಎಬ್ಬಿಸಿದರೆ ಕೆಲಸವೂ ಹೋಗುತ್ತದೆ. ಈ ತರ್ಕವನ್ನು ಸೊಗಸಾದ ಕನ್ನಡದಲ್ಲಿ ನಾನು ಮೂರನೆಯ ಪುಟದಲ್ಲಿ ವಿವರಿಸಿದೆ. ಹನ್ನೊಂದನೆಯ ಪುಟದಲ್ಲಿ ‘ಸ್ಥಳದ ಸೂಕ್ತತೆ’ ಎಂಬ ಶೀರ್ಷಿಕೆಯ ಕೆಳಗೆ, ಪ್ರಸ್ತಾವಿತ ಜಾಗವು ಬಸ್ ಸಂಪರ್ಕ ಹೊಂದಿದೆ ಎಂದು ಬರೆದೆ. ಮೂರಕ್ಕೂ ಹನ್ನೊಂದಕ್ಕೂ ನಡುವೆ ಏನೋ ಎಡವಟ್ಟಾಗಿದೆ ಎಂದು ನನಗೆ ಹೊಳೆಯಲಿಲ್ಲ. ಪರಿಶೀಲಿಸಿದ ಸಮಿತಿಗೂ ಹೊಳೆಯಲಿಲ್ಲ. ಅವರು ಕೇಳಿದ್ದು ಜಾಗದ ಹಕ್ಕು, ಸರ್ಕಾರಿ ದರಪಟ್ಟಿಯ ದರ, ಮುಗಿಸುವ ಅವಧಿ. ಮೂರಕ್ಕೂ ನನ್ನ ಉತ್ತರ ಖಡಕ್ಕಾಗಿತ್ತು.

ಇನ್ನೊಂದು ಪುಟ ನಿರ್ವಹಣೆಯದು. ಐವತ್ತು ಜನರ ಕೇಂದ್ರಕ್ಕೆ ಮಾರ್ಗಸೂಚಿ ಇಟ್ಟಿದ್ದ ನಿರ್ವಹಣಾ ವೆಚ್ಚ ವರ್ಷಕ್ಕೆ 6 ಲಕ್ಷ. ತಿಂಗಳಿಗೆ 50,000. ಹಗಲೂ ರಾತ್ರಿಯೂ ತೆರೆದಿರಬೇಕಾದರೆ ಮೂರು ಪಾಳಿಗೆ ಮೂವರು ಮೇಲ್ವಿಚಾರಕರು, ಶೌಚಾಲಯ ತೊಳೆಯಲು ಒಬ್ಬರು, ಇವರ ಮೇಲೆ ಲೆಕ್ಕ ಇಡುವ ಒಬ್ಬರು. ಕರೆಂಟು, ನೀರು, ಫಿನಾಯಿಲು, ಹೊದಿಕೆ ಒಗೆಸುವುದು, ಬಲ್ಬು ಹೋದರೆ ಬಲ್ಬು. ಐವರಿಗೆ ಕನಿಷ್ಠ ವೇತನ ಕೊಟ್ಟರೇ ದುಡ್ಡು ಮುಗಿಯುತ್ತದೆ. ಅದೂ ಹಣ ತಿಂಗಳು ತಿಂಗಳು ಸರಿಯಾಗಿ ಬಂದರೆ. ಕಟ್ಟಡದ ಪ್ರತಿ ಇಟ್ಟಿಗೆಗೂ ಲೆಕ್ಕ ಕೊಟ್ಟ ನಾನು ಈ ಪುಟದಲ್ಲಿ, ನಿರ್ವಹಣೆಯನ್ನು ಮಾರ್ಗಸೂಚಿಯನ್ವಯ ಸ್ವಯಂಸೇವಾ ಸಂಸ್ಥೆಯ ಮೂಲಕ ಮಾಡಲಾಗುವುದು ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋದೆ. ಬಂಡವಾಳ ವೆಚ್ಚಕ್ಕೆ ಅರ್ಜಿ ಹಾಕುವವರ ಕಣ್ಣು ಹಾಗೇ ಇರುತ್ತದೆ. ಅದು ಒಮ್ಮೆ ಬಂದು, ಒಮ್ಮೆ ಅಳತೆ ಪುಸ್ತಕದಲ್ಲಿ ದಾಖಲಾಗಿ, ಒಮ್ಮೆ ಬಳಕೆ ಪ್ರಮಾಣಪತ್ರ ಹೋದರೆ ಎಲ್ಲರ ಪಾಲಿಗೂ ಮುಗಿದ ಕೆಲಸ. ಸಂಬಳ ಹಾಗಲ್ಲ, ಅದು ಮುಗಿಯುವುದೇ ಇಲ್ಲ. ಆದ್ದರಿಂದ ಅದರ ಬಗ್ಗೆ ಯೋಚಿಸಲು ಯಾರಿಗೂ ಇಷ್ಟವಿಲ್ಲ.

2019ರಲ್ಲಿ ಉದ್ಘಾಟನೆಯಾಯಿತು. ಶಾಲು ಹೊದಿಸಿದರು. ಸಾಲಾಗಿ ಹಾಕಿದ ಕಬ್ಬಿಣದ ಮಂಚ, ಬೀಗ ಹಾಕುವ ಪೆಟ್ಟಿಗೆ, ಸೋಲಾರ್ ನೀರು, ಅಂಗವಿಕಲರಿಗೆ ಇಳಿಜಾರು. ವಾರ ಕಳೆಯಿತು. ಪಟ್ಟಿಯಲ್ಲಿದ್ದ ಹೆಸರುಗಳ ಪೈಕಿ ಬೆರಳೆಣಿಕೆಯ ಮಂದಿ ಬಂದರು, ಊಟ ಇಲ್ಲವೆಂದು ತಿಳಿದು ಮತ್ತೆ ದೇವಸ್ಥಾನದ ಕಡೆಗೆ ಹೋದರು. ಖಾಲಿ ಇದೆ ಎಂದು ಪತ್ರಿಕೆಯಲ್ಲಿ ಬಂದರೆ ಕಷ್ಟವೆಂದು ರಾತ್ರಿ ನಗರಸಭೆಯ ಜೀಪು ಬಸ್‌ಸ್ಟ್ಯಾಂಡಿಗೆ ಹೋಯಿತು. ಜೀಪು ಕಂಡದ್ದೇ ತಡ, ಮಲಗಿದ್ದವರೆಲ್ಲ ಹಾಸಿಗೆ ಬಿಟ್ಟು ಓಡಿದರು. ಅವರ ತಪ್ಪಲ್ಲ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಅದಕ್ಕೆಂದು ಕರವನ್ನೂ ಕಟ್ಟುತ್ತೇವೆ. ಬೀದಿಯಲ್ಲಿ ಸಿಕ್ಕವರನ್ನು ಗಾಡಿಗೆ ಹತ್ತಿಸಿಕೊಂಡು ಹೋಗುತ್ತಾರೆಂಬುದು ಬೀದಿಯವರಿಗೆ ಗೊತ್ತು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತ ಸುದ್ದಿ ಓದು ಬಾರದವರಿಗೂ ತಲುಪಿತ್ತು. ರಾತ್ರಿ ಹೊತ್ತು ಸರ್ಕಾರಿ ವಾಹನದಿಂದ ಇಳಿದು ಬನ್ನಿ, ಒಳ್ಳೆಯ ಮಂಚವಿದೆ ಎಂದರೆ ಯಾರು ನಂಬುತ್ತಾರೆ?

ಆಗ ನಾನು ರಾತ್ರಿ ಹೊರಟೆ. ಮೊದಲೇ ಹೋಗಬೇಕಾಗಿದ್ದವನು. ಸಂಘಟಕಿ ಹುಡುಗಿ ತನ್ನ ಅಣ್ಣನನ್ನು ಕರೆದುಕೊಂಡು ಜೊತೆಗೆ ಬಂದಳು, ಮೊದಲೇ ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಹನ್ನೊಂದು ಗಂಟೆಯ ನಂತರ ಮಾರುಕಟ್ಟೆಯ ಬೀದಿಯಲ್ಲಿ ಷಟರ್ ಎಳೆದ ಅಂಗಡಿಗಳ ಮುಂದೆ ಜಾಗ ಜಾಗಕ್ಕೂ ಮಲಗಿದವರು. ಅಲ್ಲೊಂದು ವ್ಯವಸ್ಥೆ ಇತ್ತು. ಯಾರ ಜಾಗ ಯಾವುದೆಂದು ಎಲ್ಲರಿಗೂ ತಿಳಿದಿತ್ತು. ಅಂಗಡಿಯವರು ಇವರನ್ನು ಎಬ್ಬಿಸುವುದಿಲ್ಲ, ಕಳ್ಳತನ ಆಗದಂತೆ ಇವರಿರುವುದು ಅವರಿಗೂ ಕ್ಷೇಮ. ಯಾದಗಿರಿ ಕಡೆಯ ಹಮಾಲಿಯೊಬ್ಬ ಎದ್ದು ಕೂತು ಬೀಡಿ ಹಚ್ಚಿದ. ನಮ್ಮ ಕೇಂದ್ರದ ಬಗ್ಗೆ ಹೇಳಿದೆ. ಮಂಚ, ಬಿಸಿನೀರು, ಪುಕ್ಕಟೆ.

“ಛಲೋ ಐತಿ ಬಿಡ್ರಿ ಸಾಹೇಬ್ರ, ನೋಡೀನಿ. ಆದ್ರ ಎರಡೂವರಿಗೆ ಲಾರಿ ಬರ್ತಾವ. ಅಲ್ಲಿ ಮಲಗಿದ್ರ ನಮ್ಮನ್ನ ಎಬ್ಬಸೋರು ಯಾರು? ಎದ್ರೂ ಇಲ್ಲಿಗೆ ಬರೂದು ಹ್ಯಾಂಗ?”

ಬಸ್ ಸಂಪರ್ಕವಿದೆ ಎಂದು ಬರೆದಿದ್ದೆನಲ್ಲ. ಮೊದಲ ಬಸ್ಸು ಬೆಳಿಗ್ಗೆ ಆರಕ್ಕೆ. ಲಾರಿ ಬಂದಾಗ ಕೈಗೆ ಸಿಗದ ಹಮಾಲಿಗೆ ಆ ದಿನದ ಕೂಲಿ ಇಲ್ಲ, ಎರಡು ದಿನ ಸಿಗದಿದ್ದರೆ ದಲ್ಲಾಳಿ ಬೇರೆಯವನನ್ನು ನೋಡಿಕೊಳ್ಳುತ್ತಾನೆ. ಛತ್ರದ ಕೆಲಸದವರದು ಇದಕ್ಕೆ ತದ್ವಿರುದ್ಧ. ಅವರು ಆರತಕ್ಷತೆಯ ಊಟ ಮುಗಿದು, ಪಾತ್ರೆ ತೊಳೆದು ಹೊರಬರುವಾಗ ರಾತ್ರಿ ಒಂದು ಗಂಟೆ. ನಮ್ಮ ಕೇಂದ್ರದ ಬಾಗಿಲು ಹತ್ತಕ್ಕೇ ಹಾಕುತ್ತಿದ್ದರು, ಏಕೆಂದರೆ ಮೂರು ಪಾಳಿಗೆ ಆಗುವಷ್ಟು ಸಂಬಳ ಇರಲಿಲ್ಲ, ಇದ್ದ ಒಬ್ಬ ಕಾವಲುಗಾರನೂ ಮನುಷ್ಯನೇ. ಬಾಗಿಲಲ್ಲಿ ಅವನು ಆಧಾರ್ ಕೇಳುತ್ತಿದ್ದ. ಕಾರ್ಡು ಕಳೆದವರು, ಊರಲ್ಲಿ ಬಿಟ್ಟು ಬಂದವರು ಅಲ್ಲಿಂದಲೇ ತಿರುಗುತ್ತಿದ್ದರು.

ಸೊಪ್ಪು ಮಾರುವ ಹೆಂಗಸರು ದೇವಸ್ಥಾನದ ಜಗಲಿಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ಒಬ್ಬಾಕೆ ಎಚ್ಚರವಿದ್ದಳು, ಸರದಿಯ ಮೇಲೆ ಎಚ್ಚರವಿರುವುದು ಅವರ ಪದ್ಧತಿ. ಆಕೆ ನನ್ನ ಮಾತನ್ನೆಲ್ಲ ಕೇಳಿ ಎರಡೇ ಪ್ರಶ್ನೆ ಕೇಳಿದಳು. “ಒಳಗಿಂದ ಚಿಲಕ ಐತಾ ಅಣ್ಣಾ? ಗಂಡಸ್ರಿಗೂ ನಮಗೂ ದಾರಿ ಒಂದೇನಾ?” ನಾನು ಮಹಿಳೆಯರಿಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದೆ, ಪ್ರತ್ಯೇಕ ಶೌಚಾಲಯವನ್ನೂ. ಆದರೆ ಎರಡಕ್ಕೂ ಹೋಗುವ ಓಣಿ ಒಂದೇ. ಓಣಿ ಒಂದೇ ಆದರೆ ಗೋಡೆ ಒಂದು ಉಳಿಯುತ್ತದೆ, ಎಸ್ಟಿಮೇಟು ಇಳಿಯುತ್ತದೆ. ಬಾಗಿಲಿನ ಚಿಲಕವನ್ನು ಹೊರಗಡೆಗೆ ಕೊಡಿಸಿದ್ದೆ, ಶಾಲೆಯ ಕೋಣೆಗಳಿಗೆ ಕೊಡುತ್ತಿದ್ದ ಹಾಗೆಯೇ. ಸರ್ವೀಸಿನಲ್ಲಿ ಅಷ್ಟು ಬಾಗಿಲು ಇಡಿಸಿದವನಿಗೆ ಚಿಲಕ ಯಾವ ಬದಿಗಿರಬೇಕು ಎಂಬುದನ್ನು ಜಗಲಿಯ ಮೇಲೆ ಮಲಗಿದ ಹೆಂಗಸು ಹೇಳಿಕೊಡಬೇಕಾಯಿತು. ಚಿಲಕವನ್ನು ಮಾರನೆಯ ದಿನವೇ ನನ್ನ ಖರ್ಚಿನಲ್ಲಿ ಬದಲಾಯಿಸಿದೆ. ಜಾಗವನ್ನು ಬದಲಾಯಿಸಲು ಯಾವ ಅಂಗಡಿಯಲ್ಲೂ ಸಾಮಾನು ಸಿಗುವುದಿಲ್ಲ.

ಕೇಂದ್ರ ತುಂಬಿದ್ದು ಒಂದೇ ಸಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ. ಊರಿಗೆ ಹೋಗಲಾಗದ ಕೂಲಿಗಳನ್ನೆಲ್ಲ ಅಲ್ಲಿ ಇರಿಸಿದರು, ಊಟವೂ ಬರುತ್ತಿತ್ತು. ಮಂಚ ಸಾಲದೆ ಓಣಿಯಲ್ಲೂ ಚಾಪೆ ಹಾಸಿದರು. ಜಿಲ್ಲೆಯ ಅಧಿಕಾರಿಗಳು ಬಂದು ನೋಡಿ, ದೂರದೃಷ್ಟಿಯ ಯೋಜನೆ ಎಂದು ಹೊಗಳಿದರು. ನನಗೂ ಕೆಲವು ವಾರ ಹಾಗೇ ಅನ್ನಿಸಿತು, ಮನಸ್ಸಿಗೆ ಅಂಥ ಸಮಾಧಾನ ಬೇಗ ಸಿಗುತ್ತದೆ. ಮಾರುಕಟ್ಟೆ ಪೂರ್ತಿ ತೆರೆದುಕೊಂಡ ವಾರದಲ್ಲೇ ಕೇಂದ್ರ ಖಾಲಿಯಾಯಿತು. ಕೆಲಸವೇ ಇಲ್ಲದಾಗ ಎಲ್ಲಿ ಮಲಗಿದರೂ ನಡೆಯುತ್ತಿತ್ತು. ಯಾದಗಿರಿಯವನು ಮತ್ತೆ ಅಂಗಡಿಯ ಮುಂದೆ ಬಂದು ಮಲಗಿದ. ಮಂಚಕ್ಕಿಂತ ಇಲ್ಲಿ ತಣ್ಣಗಿರ್ತದ ಎಂದು ನನ್ನನ್ನು ಸಮಾಧಾನಪಡಿಸಲು ಹೇಳಿದ.

ಆಮೇಲೆ ನಾವು ಕೆಲವು ಸಣ್ಣ ಕೆಲಸ ಮಾಡಿದೆವು. ಬಸ್‌ಸ್ಟ್ಯಾಂಡ್ ಪಕ್ಕದ ಶೌಚಾಲಯವನ್ನು ರಾತ್ರಿಯೂ ತೆರೆದಿಡುವಂತೆ ಅದರ ಗುತ್ತಿಗೆದಾರನನ್ನು ಒಪ್ಪಿಸಿದೆವು. ವರ್ತಕರ ಸಂಘದ ಒಂದು ಮೂಲೆಯಲ್ಲಿ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಗಳನ್ನು ಇಡಿಸಿದೆವು. ರಿಂಗ್ ರಸ್ತೆಯಾಚೆ ಖಾಲಿ ಇದ್ದದ್ದನ್ನೇ ಹೊತ್ತು ತಂದದ್ದು. ಆಸ್ತಿಯನ್ನು ಬೇರೆಡೆಗೆ ಸಾಗಿಸಲು ಅನುಮತಿ ಇದೆಯೇ ಎಂದು ಯಾರೋ ಕೇಳಿದರು, ನಾನು ಕಿವಿ ಕೇಳದವನಂತೆ ಇದ್ದೆ. ಇದಕ್ಕೆಲ್ಲ ಆದ ಖರ್ಚು ನನ್ನ ಡಿಪಿಆರ್‌ನ ಬಣ್ಣದ ಮುದ್ರಣಕ್ಕಿಂತ ಬಹಳ ಹೆಚ್ಚೇನಲ್ಲ. ಆದರೆ ಸೊಪ್ಪಿನ ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಬೇಕಿತ್ತು. ಅದಕ್ಕೆ ಗೋಡೆ ಬೇಕು, ಮಾಡು ಬೇಕು. ಕಟ್ಟಡದ ಹಣವೇ ಬೇಡ ಎಂದು ವೈರಾಗ್ಯ ತಾಳುವಂತಿರಲಿಲ್ಲ.

ನಾಕಾ ಅಲ್ಲೇ ಇತ್ತು, ಜಗಲಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಈ ಸಲ ನಾನು ಎಸ್ಟಿಮೇಟಿನಿಂದ ಶುರು ಮಾಡಲಿಲ್ಲ. ಸಂಘಟಕಿ ಹುಡುಗಿ, ಇಬ್ಬರು ಹಮಾಲರು, ಆ ಹೆಂಗಸರು ಸೇರಿ ಯಾರು ಎಲ್ಲಿ, ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಏಳುತ್ತಾರೆಂದು ಒಂದು ಹಾಳೆಯಲ್ಲಿ ಗುರುತು ಹಾಕಿದರು. ಅದೇ ಅರ್ಜಿಯ ಮೊದಲ ಪುಟವಾಯಿತು. ಎರಡನೆಯ ಪುಟದಲ್ಲಿ ಸಂಬಳ, ಮೊದಲ ಮೂರು ವರ್ಷ ಕೊರತೆ ಬಿದ್ದರೆ ವರ್ತಕರ ಸಂಘ ಎಷ್ಟು ತುಂಬುತ್ತದೆಂಬ ಅವರ ಒಪ್ಪಿಗೆ ಪತ್ರದ ಸಮೇತ. ಮಹಿಳೆಯರಿಗೆ ಹಿಂದಿನ ಬೀದಿಯಿಂದ ಬೇರೆ ಬಾಗಿಲು. ಜಂತಿ ಬದಲಾವಣೆ, ಹೆಂಚು, ಶೌಚಾಲಯ ಎಲ್ಲ ಸೇರಿದ ದುರಸ್ತಿಯ ಮೊತ್ತ ಕಡೆಯ ಪುಟದಲ್ಲಿ ಬಂತು.

ಅಷ್ಟರಲ್ಲಿ ಪೌರಾಯುಕ್ತರು ಬದಲಾಗಿದ್ದರು. ಹೊಸಬರು ಸಜ್ಜನರು, ಕಡತವನ್ನು ಪೂರ್ತಿ ಓದುವ ಅಪರೂಪದ ಅಭ್ಯಾಸವಿದ್ದವರು. ಓದಿ, ನನ್ನನ್ನು ಕೂರಿಸಿ, ಹಳೆಯ ಕಡತದ ಒಂದು ಹಾಳೆಯನ್ನು ನನ್ನ ಮುಂದೆ ತಿರುಗಿಸಿ ಇಟ್ಟರು. ಕಟ್ಟಡವು ಶಿಥಿಲಾವಸ್ಥೆಯಲ್ಲಿದ್ದು ದುರಸ್ತಿಯು ಮಿತವ್ಯಯಕರವಲ್ಲ. “ಸಾರ್, ಇದು ತಮ್ಮದೇ ಸಹಿ ಅಲ್ವಾ? ನಾಳೆ ಆಡಿಟ್‌ನೋರು ಕೇಳಿದ್ರೆ ನಾನೇನು ಹೇಳ್ಲಿ?”

ಮೊದಲಿನ ವರದಿಯಲ್ಲಿ ಗೋಡೆಯ ಸ್ಥಿತಿಯನ್ನು ಸರಿಯಾಗಿ ದಾಖಲಿಸಿರಲಿಲ್ಲ ಎಂದು ಇನ್ನೊಂದು ವರದಿ ಬರೆದುಕೊಟ್ಟೆ. ಬರೆಯುವಾಗ ಕೈ ತಡೆಯಿತು. ಸರ್ವೀಸಿನಲ್ಲಿ ಅಂಥದ್ದೊಂದನ್ನು ಬರೆದವನಲ್ಲ. ಕಡತದ ಟಿಪ್ಪಣಿ ಹಾಳೆಯಲ್ಲಿ ವಿಷಯ ನಿರ್ವಾಹಕರು, ಪರಸ್ಪರ ವಿರುದ್ಧವಾದ ಎರಡೂ ವರದಿಗಳಿಗೆ ಒಬ್ಬರೇ ಸಹಿ ಮಾಡಿರುವುದರಿಂದ ಮೂರನೆಯವರ ತಾಂತ್ರಿಕ ಅಭಿಪ್ರಾಯ ಪಡೆಯಬಹುದು ಎಂದು ಬರೆದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಅಭಿಪ್ರಾಯ ಕೋರಿ ಪತ್ರ ಹೋಯಿತು, ನೆನಪೋಲೆಗಳು ಹೋದವು. 2024ರ ಸೆಪ್ಟೆಂಬರ್ 30ಕ್ಕೆ ನಲ್ಮ್ ಅಭಿಯಾನದ ಅವಧಿಯೇ ಮುಗಿಯಿತು. ಅಕ್ಟೋಬರಿನಲ್ಲಿ ಇನ್ನೊಂದು ಇಲಾಖೆಯ ಇಂಜಿನಿಯರೊಬ್ಬರು ಬಂದು ನಾಕಾದ ಗೋಡೆಯನ್ನು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿ, ಕಟ್ಟಡ ಗಟ್ಟಿಯಾಗಿದೆ, ದುರಸ್ತಿಗೆ ಯೋಗ್ಯ ಎಂದು ಬರೆದು ಹೋಗಿದ್ದಾರೆ.